ಸಣ್ಣೂರಿನಲ್ಲಿ ವಾಲಿದ ಮನೆ

ನಮ್ಮೂರಿನಲ್ಲಿ ಬಡಿಗನಿಗೆ ಕೆಲಸದ ಬರ ಎಂಬುದಿಲ್ಲ. ಚಳಿಗಾಲದಲ್ಲಿ ಬೆರಳು ತಾಗಿಸಿದರೆ ಮುಚ್ಚುತ್ತಿದ್ದ ಬಾಗಿಲು ಬೇಸಿಗೆ ಬರುವುದರೊಳಗೆ ಮೇಲಿನ ಮೂಲೆಯಲ್ಲಿ ಕಚ್ಚಿಕೊಂಡು ನಿಂತಿರುತ್ತದೆ. ಮನೆಯವರು ಕರೆಯುತ್ತಾರೆ, ನಾನು ಉಜ್ಜುಗೊರಡು ಹಿಡಿದು ಹೋಗುತ್ತೇನೆ, ಕಚ್ಚಿದ ಕಡೆ ಒಂದಿಷ್ಟು ಸಿಪ್ಪೆ ತೆಗೆಯುತ್ತೇನೆ. ತೆಗೆಯುತ್ತಲೇ ಯಾವ ಮೂಲೆ ಕಚ್ಚಿದೆ, ನೆಲ ಯಾವ ಕಡೆ ಇಳಿದಿದೆ, ಆ ಕಡೆ ಇರುವುದು ಬಚ್ಚಲೋ ಅಡುಗೆಮನೆಯೋ ಎಂದು ನೋಡಿಕೊಳ್ಳುತ್ತೇನೆ. ಮನೆಯವರು ನನ್ನ ಕಣ್ಣು ಎಲ್ಲಿ ಹೋಗುತ್ತಿದೆ ಎಂದು ನೋಡುತ್ತಿರುತ್ತಾರೆ. ಚಹಾ ಕೊಡುತ್ತಾರೆ. ಆದರೆ ಕುಡಿದಿಟ್ಟ ಲೋಟವನ್ನು ಎಲ್ಲಿ ತೊಳೆಯುತ್ತಾರೆಂದು ನನಗೆ ಕಾಣದ ಹಾಗೆ ಒಳಗೆ ಒಯ್ಯುತ್ತಾರೆ. ಹೀಗೆ ಬದುಕಿದವನಿಗೆ ಸಂಶಯವೆಂಬುದು ಕೆಟ್ಟ ಗುಣವಲ್ಲ, ಉಳಿ ಸುತ್ತಿಗೆಯ ಜೊತೆ ಚೀಲದಲ್ಲಿರಬೇಕಾದ ಇನ್ನೊಂದು ಹತಾರ. ನನ್ನ ಹೆಸರು ಮೌನಪ್ಪ. ಹೆಸರಿಗೆ ತಕ್ಕ ಹಾಗೆ ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕು ಜನ ಗೆಳೆಯರಾದರೂ ಉಳಿದಿರುತ್ತಿದ್ದರು.

ಊರು ನಿಂತಿರುವುದು ಅರೆಬಾಯಾರಿದ ನೆಲದ ಮೇಲೆ. ನೀರು ಹೆಚ್ಚಾದರೆ ನೆಲ ಇದ್ದಕ್ಕಿದ್ದಂತೆ ಕೂತುಬಿಡುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಸಂಜೆ ಚಾವಡಿಯ ಗಂಟೆ ಬಾರಿಸಿದಾಗ ಪ್ರತಿ ಮನೆಯವರೂ ನಡುಮನೆಯ ಕುಣಿಗೆ ಒಂದು ತಂಬಿಗೆ ನೀರು ಹಾಕುತ್ತಾರೆ. ಇದಕ್ಕೆ ನೆಲಕ್ಕೆ ಕುಡಿಸುವುದು ಎನ್ನುತ್ತಾರೆ. ಅದು ಬಿಟ್ಟು ಒಂದು ಹನಿಯೂ ಮಣ್ಣಿಗೆ ಬೀಳುವಂತಿಲ್ಲ. ಸ್ನಾನ ಕಲ್ಲುಚಪ್ಪಡಿಯ ಮೇಲೆ, ಸ್ನಾನದ ನೀರು ಕೊಡದಲ್ಲಿ, ಕೊಡ ಊರಾಚೆಯ ಕಲ್ಲುತೊಟ್ಟಿಗೆ. ಗಿಡ ನೆಡುವಂತಿಲ್ಲ, ಬೇರು ಯಾರಿಗೂ ಹೇಳದೆ ಕುಡಿಯುತ್ತದೆ. ಹಸುಗೂಸು ನೆಲ ಒದ್ದೆ ಮಾಡಿದರೆ ಅಜ್ಜಿ ನೆಲ ಮುಟ್ಟಿ ನಮಸ್ಕಾರ ಮಾಡಿ, ಆ ಸಂಜೆಯ ತಂಬಿಗೆಯಲ್ಲಿ ಅಷ್ಟನ್ನು ಕಡಿಮೆ ಮಾಡುತ್ತಾಳೆ. ಬೀಗರು ಬಂದರೆ ಊಟ ಆಯಿತೇ ಎಂದು ಕೇಳುವ ಮೊದಲು ಕಾಲು ಎಲ್ಲಿ ತೊಳೆದುಕೊಂಡಿರಿ ಎಂದು ಕೇಳುವ ಊರು ಬಹುಶಃ ಇದೊಂದೇ. ಗೋಡೆಗೆ ಗೋಡೆ ಹತ್ತಿಸಿ ಕಟ್ಟಿದ ಮನೆಗಳು. ಒಂದು ಕೂತರೆ ಪಕ್ಕದ್ದನ್ನೂ ಎಳೆದುಕೊಂಡೇ ಕೂರುತ್ತದೆ. ಆದ್ದರಿಂದ ನೆರೆಯವರ ನೀರು ಎಲ್ಲರಿಗೂ ತಮ್ಮ ಮನೆಯ ವಿಷಯವೇ. ಗೋಡೆಯಾಚೆ ತಂಬಿಗೆ ಸದ್ದಾದರೆ ಈಚೆ ಊಟ ಮಾಡುವವರ ಕೈ ನಿಲ್ಲುತ್ತದೆ.

ಚಾವಡಿಯ ಹಿಂದಿನ ಕಲ್ಲಿನ ಕೋಣೆಯಲ್ಲಿ ಸಣ್ಣೂರು ಇದೆ, ನಾವಿರುವ ದೊಡ್ಡೂರಿನ ಪುಟ್ಟ ನಕಲು. ಮಂಚದಷ್ಟು ಎತ್ತರದ ಒಂದು ಉದ್ದನೆಯ ಮರದ ತೊಟ್ಟಿ, ಅದರ ತುಂಬ ಮಣ್ಣು. ಒಂದೊಂದು ಮನೆಯ ಜಾಗದಲ್ಲೂ ಆ ಮನೆಯ ಬುಡದಿಂದಲೇ ತಂದ ಮಣ್ಣನ್ನು ಗಟ್ಟಿಯಾಗಿ ಬಡಿದು ಕೂರಿಸಿದ್ದಾರೆ. ಮೇಲೆ ಸುಟ್ಟ ಮಣ್ಣಿನ ಪುಟ್ಟ ಪುಟ್ಟ ಮನೆಗಳು, ಒಂದೊಂದರ ಹೊಟ್ಟೆಯಲ್ಲೂ ಭಾರಕ್ಕೆಂದು ಸೀಸದ ಉಂಡೆ. ಸಂಜೆ ಗಂಟೆಯಾದಾಗ ಮಲಂಗಸಾಬ ಎಂಬ ಮುದುಕ ಕೊಳವೆಯಿಂದ ಒಂದೊಂದು ಮನೆಗೂ ಅದರ ಪಾಲಿನ ಹನಿ ಹಾಕುತ್ತಾನೆ. ಸಣ್ಣೂರಿನಲ್ಲಿ ಮಣ್ಣು ತೆಳು, ನೀರು ಬೇಗ ತಳ ಮುಟ್ಟುತ್ತದೆ. ಹಾಗಾಗಿ ದೊಡ್ಡೂರಿನ ಮನೆಗೆ ಬರುವ ವರ್ಷ ಆಗಬೇಕಾದದ್ದು ಸಣ್ಣೂರಿನ ಮನೆಗೆ ಈಗಲೇ ಆಗುತ್ತದೆ. ಸಣ್ಣ ಮನೆ ವಾಲಿತೆಂದರೆ ದೊಡ್ಡ ಮನೆಯನ್ನು ಖಾಲಿ ಮಾಡಿಸಿ ಇಳಿಸಬೇಕು. ಮೊದಲ ಹಂಚನ್ನು ಹತ್ತಿರದ ರಕ್ತಸಂಬಂಧಿಯೇ ತನ್ನ ಕೈಯಾರೆ ತೆಗೆಯಬೇಕು. ಬೇರೆಯವರು ತೆಗೆದರೆ ಕೆಡವಿದ ಹಾಗೆ, ರಕ್ತಸಂಬಂಧಿ ತೆಗೆದರೆ ಇಳಿಸಿದ ಹಾಗೆ ಎಂದು ನಮ್ಮವರ ಲೆಕ್ಕ.

ನನಗೆ ಹತ್ತಿರದ ರಕ್ತವೆಂದರೆ ಅಕ್ಕ ಸಾವಂತ್ರವ್ವ ಒಬ್ಬಳೇ, ಅವಳಿಗೂ ನಾನೊಬ್ಬನೇ. ಗಂಡ ತೀರಿಕೊಂಡ ಮೇಲೆ ಅದೇ ಮನೆಯಲ್ಲಿ ಖಾನಾವಳಿ ನಡೆಸಿಕೊಂಡಿದ್ದಾಳೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಊರಿನ ಒಂಟಿ ಗಂಡಸರೆಲ್ಲ ಉಣ್ಣುವುದು ಅಲ್ಲಿಯೇ. ಅಷ್ಟು ತಾಟು ತೊಳೆಯಬೇಕಲ್ಲ, ಅಷ್ಟು ನೀರು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ರೊಟ್ಟಿಯ ಜೊತೆ ಎಲ್ಲರ ಹೊಟ್ಟೆಗೂ ಇಳಿದಿತ್ತು. ಅಕ್ಕ ತಾಟುಗಳನ್ನು ಮೊದಲು ಬೂದಿಯಲ್ಲಿ ತಿಕ್ಕಿ ಅರಿವೆಯಲ್ಲಿ ಒರೆಸುತ್ತಾಳೆ, ಆಮೇಲೆ ಒಂದೇ ಬೋಗುಣಿ ನೀರಿನಲ್ಲಿ ಅದ್ದುತ್ತಾಳೆ, ಆ ನೀರನ್ನು ತಾನೇ ಹೊತ್ತು ತೊಟ್ಟಿಗೆ ಸುರಿದು ಬರುತ್ತಾಳೆ. ಇದನ್ನು ದಿನಾ ಕಣ್ಣಾರೆ ನೋಡಿದವರೂ, ಅವಳು ನಮಗೆ ಕಾಣಲೆಂದೇ ಹಾಗೆ ಮಾಡುತ್ತಾಳೆ ಎನ್ನುತ್ತಿದ್ದರು, ಸಣ್ಣೂರಿನಲ್ಲಿ ಅವಳ ಮನೆ ನೆಟ್ಟಗಿದೆಯೇ ಎಂದು ಬಗ್ಗಿ ನೋಡಿ ಬರುತ್ತಿದ್ದರು.

ಸಣ್ಣೂರಿನಲ್ಲಿ ಅವಳ ಮನೆ ಒಂದು ಕೂದಲೆಳೆಯಷ್ಟು ವಾಲಿದೆ ಎಂಬ ಸುದ್ದಿ ಊರೆಲ್ಲ ಸುತ್ತಿ ಕಡೆಗೆ ನನ್ನ ಹತ್ತಿರ ಬಂತು. ನನಗೆ ಸಂಬಂಧಪಟ್ಟ ಸುದ್ದಿ ಯಾವತ್ತೂ ನನ್ನ ಹತ್ತಿರ ಕೊನೆಗೇ ಬರುವುದು. ಕೆಲಸ ಬಿಟ್ಟು ನೇರ ಅಕ್ಕನ ಮನೆಗೆ ಹೋದೆ. ಮುಂಬಾಗಿಲು, ಹಿತ್ತಲ ಬಾಗಿಲು, ದೇವರಕೋಣೆಯದು, ಕಿಟಕಿಗಳು, ಎಲ್ಲವನ್ನೂ ತೆರೆದು ಮುಚ್ಚಿ ನೋಡಿದೆ. ಒಂದೂ ಕಚ್ಚುತ್ತಿರಲಿಲ್ಲ. ಬೆರಳು ಮುಟ್ಟಿಸಿದರೆ ಸಾಕು, ಸದ್ದಿಲ್ಲದೆ ಬಂದು ಕೂರುತ್ತಿದ್ದವು. ಊರಿನಲ್ಲೇ ಅಷ್ಟು ಸರಿಯಾಗಿ ನಿಂತ ಮನೆ ಇನ್ನೊಂದಿರಲಿಲ್ಲ. ಅಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಹಿತ್ತಲಿನ ಮಣ್ಣನ್ನು ಕಾಲಿನಿಂದ ಕೆದಕಿ ನೋಡುವುದು ಅವಳ ಕಣ್ಣಿಗೆ ಬಿತ್ತು.

"ಅಲ್ಲೇನು ಹುಡುಕ್ತಿ?" ಎಂದಳು.

ಸುಮ್ಮನಿರಬಹುದಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಅಕ್ಕಾ, ಖರೇ ಹೇಳು. ಹಿತ್ತಲದಾಗ ಎಲ್ಲೆರ ಒಂದೀಟು ನೀರು ಚೆಲ್ಲೀ ಏನು?"

ಬಡಿಯುತ್ತಿದ್ದ ಕೈ ನಿಂತಿತು. "ಊರ ಮಂದಿ ಕೇಳಿದ್ರು, ಕೇಳ್ಲಿ ಬಿಡು ಅಂದೆ. ಈಗ ನೀನೂ ಕೇಳಿದಿ," ಎಂದಳು. ಆಮೇಲೆ ನನ್ನ ಮುಂದೆ ತಾಟಿಟ್ಟು ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ತಲೆ ತಗ್ಗಿಸಿ ಉಂಡೆ. ಆದರೂ ತಾಟಿನಲ್ಲಿ ಕೈ ತೊಳೆದು, ಆ ನೀರನ್ನು ಅವಳು ಎಲ್ಲಿ ಒಯ್ಯುತ್ತಾಳೆಂದು ಕುತ್ತಿಗೆ ಚಾಚಿ ನೋಡಿದೆ. ಕೊಡಕ್ಕೇ ಸುರಿದಳು.

ದೊಡ್ಡ ಮನೆ ಗಟ್ಟಿಯಾಗಿದೆ, ಸಣ್ಣ ಮನೆ ವಾಲುತ್ತಿದೆ. ಅಂದರೆ ಯಾರೋ ಸಣ್ಣೂರಿನಲ್ಲಿ ಕೈಯಾಡಿಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮೊದಲ ಸಂಶಯ ಮಲಂಗಸಾಬನ ಮೇಲೆ. ಮಾರನೇ ದಿನ ಹೋಗಿ, ಅಕ್ಕನ ಮನೆಗೆ ಬೀಳುವ ಹನಿ ಉಳಿದ ಮನೆಗಳಿಗಿಂತ ದಪ್ಪಗಿದೆಯೋ ಎಂದು ಪಕ್ಕದಲ್ಲೇ ನಿಂತು ನೋಡಿದೆ. ಮುದುಕನಿಗೆ ಗೊತ್ತಾಯಿತು. ಕೊಳವೆಯನ್ನು ನನ್ನ ಕೈಗೇ ಕೊಟ್ಟು ಪರೀಕ್ಷೆ ಮಾಡು ಎಂದ. "ನನ್ನ ಕೈ ನಡುಗ್ತದ ಅಂತ ನೀ ಎಲ್ಲಾರ ಮುಂದ ಹೇಳ್ಕೋತ ಅಡ್ಡಾಡ್ತಿ. ನಡುಗೂದು ಖರೇ. ಆದ್ರ ಎಲ್ಲಾ ಮನಿಗೂ ಅಷ್ಟ ನಡುಗ್ತದಪ್ಪ," ಎಂದ. ಕೊಳವೆ ವಾಪಸು ಕೊಟ್ಟೆ. ಅವನನ್ನು ಬಿಟ್ಟೆ.

ಎರಡನೇ ಸಂಶಯ ಅಡಿವೆಪ್ಪನ ಮೇಲೆ. ಅಕ್ಕನ ಮನೆಯ ಬಲಗೋಡೆ ಹಂಚಿಕೊಂಡು ಹಗ್ಗದ ಅಂಗಡಿ ಇಟ್ಟುಕೊಂಡವನು ಅವನು. ಅಕ್ಕನ ಮನೆಯ ಎಡಗಡೆ ಅವನ ತಾಯಿಯ ಮನೆ ಇತ್ತು. ಮುದುಕಿ ಮಗನ ಮನೆಯಲ್ಲಿ ಇರಲೊಲ್ಲದೆ ತನ್ನ ಹಳೆಯ ಮನೆಯಲ್ಲೇ ಒಬ್ಬಳೇ ಇದ್ದಳು. ಹಿಂದಿನ ವರ್ಷ ಸಣ್ಣೂರಿನಲ್ಲಿ ಅದು ವಾಲಿತು. ಮುದುಕಿಗೆ ಪದೇಪದೇ ಕೈಕಾಲು ತೊಳೆಯುವ ಚಾಳಿ, ಅವಳ ಸಣ್ಣ ಮನೆಯನ್ನು ಊರವರು ಮೊದಲಿನಿಂದಲೂ ಬಗ್ಗಿ ಬಗ್ಗಿ ನೋಡುತ್ತಿದ್ದರು, ಹಾಗಾಗಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಡಿವೆಪ್ಪನೇ ಏಣಿ ಹತ್ತಿ ಮೊದಲ ಹಂಚು ತೆಗೆದ. ನಾನು ಏಣಿ ಹಿಡಿದಿದ್ದೆ. ಮುದುಕಿ ಕೆಳಗೆ ಗಂಟು ಹಿಡಿದು ನಿಂತು, ಮನೆ ಗಟ್ಟಿ ಐತಿ, ನಾ ನೀರು ಚೆಲ್ಲಿಲ್ಲ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಮಗನ ಅಂಗಡಿಯ ಹಿಂದಿನ ಕೋಣೆಗೆ ಹೋದವಳು ಹೊಸ ಗೋಡೆಗೆ ಮುಖ ಕೊಟ್ಟು ಮಲಗಿಬಿಟ್ಟಳು, ಮಳೆಗಾಲ ಕಾಣಲಿಲ್ಲ. ಅಂದಿನಿಂದ ಅಡಿವೆಪ್ಪ ಊರಿನಲ್ಲಿ ಸಣ್ಣೂರಿನ ಪರ ಎಲ್ಲರಿಗಿಂತ ಜೋರಾಗಿ ಮಾತಾಡುವವನಾದ. ಸಣ್ಣೂರು ಎಂದೂ ತಪ್ಪುವುದಿಲ್ಲ ಎಂದು ಸಂಬಂಧವಿಲ್ಲದ ಮಾತಿನ ನಡುವೆಯೂ ತಂದು ಹೇಳುತ್ತಿದ್ದ. ಹೆತ್ತವಳ ಮನೆಗೇ ಏಣಿ ಹಾಕಿದವನಿಗೆ ನನ್ನ ಅಕ್ಕನ ಮನೆ ಯಾವ ಲೆಕ್ಕ ಎಂದು ನಾನು ಅಂದುಕೊಂಡೆ.

ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಅವನು ಸಣ್ಣೂರಿನ ಕೋಣೆಗೆ ಬರುತ್ತಿದ್ದ. ಬಂದವನು ನೇರ ಅಕ್ಕನ ಮನೆಯಿದ್ದ ಮೂಲೆಗೆ ಹೋಗಿ, ತೊಟ್ಟಿಯ ಅಂಚಿಗೆ ಎರಡೂ ಕೈ ಊರಿ ಬಗ್ಗಿ ನಿಲ್ಲುತ್ತಿದ್ದ. ಎಷ್ಟೋ ಹೊತ್ತು ಅಲುಗುತ್ತಿರಲಿಲ್ಲ. ನಾನು ಅವನ ತೋಳು, ಅಂಗಿಯ ಕಿಸೆ, ಧೋತರದ ಸೆರಗು ಎಲ್ಲ ಕಣ್ಣಲ್ಲೇ ಜಾಲಾಡಿದೆ. ಎಲ್ಲಿಯೂ ನೀರು ಕಾಣಲಿಲ್ಲ. ಕಾಣದಿದ್ದುದರಿಂದ ಸಂಶಯ ಇನ್ನೂ ಹೆಚ್ಚಾಯಿತು. ಅಷ್ಟರಲ್ಲಿ ವಾಲಿದ ಮನೆ ನೋಡಲು ಊರಿಗೆ ಊರೇ ಬರತೊಡಗಿತ್ತು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದು, ನಿನ್ನೆಗಿಂತ ಇಂದು ಹೆಚ್ಚಾಗಿದೆಯೇ ಎಂದು ಬಗ್ಗಿ ನೋಡಿ, ಹೆಚ್ಚಾಗಿದೆ ಎಂದು ತಲೆಯಾಡಿಸಿ ಹೋಗುವರು. ನಿಜಕ್ಕೂ ಹೆಚ್ಚಾಗುತ್ತಲೇ ಇತ್ತು. ನಾನೂ ಬೇರೆಯವರು ಕೈ ಹಾಕದಂತೆ ಮನೆಯ ಮೇಲೆಯೇ ಮುಖ ಇಟ್ಟುಕೊಂಡು ಕಾಯುತ್ತಿದ್ದೆ. ಕಾದಷ್ಟೂ ಮನೆ ವಾಲುತ್ತಿತ್ತು.

ಪಂಚರ ಹಿರಿಯರು ಚನ್ನಮಲ್ಲಪ್ಪ ಮಾಸ್ತರು, ಶಾಲೆಯಿಂದ ನಿವೃತ್ತರಾದವರು. ಬರುವ ಅಮಾವಾಸ್ಯೆಗೆ ಹಂಚು ತೆಗೆಯುವುದೆಂದು ಗೊತ್ತು ಮಾಡಿದರು. ನನ್ನನ್ನು ಕರೆಸಿ, ಏಣಿ ನಿನ್ನದೇ ಇದೆಯಲ್ಲ ಎಂದು ಕೇಳಿದರು. ನಾನು ಒಂದೇ ಮಾತು ಬೇಡಿಕೊಂಡೆ. ಅಲ್ಲಿಯ ತನಕ ಸಣ್ಣೂರಿಗೆ ಗಾಜಿನ ಮುಚ್ಚಳ ಹಾಕಲು ಬಿಡಿ, ಸಂಜೆ ಹನಿ ಹಾಕುವಾಗ ಮಾತ್ರ ತೆಗೆಯೋಣ, ಬೀಗದ ಕೈ ನನ್ನ ಹತ್ತಿರ ಇರಲಿ. ಮಾಸ್ತರು ಒಪ್ಪಿದರು. ಒಪ್ಪುವಾಗ, ಹನಿ ಹಾಕುವ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಪಂಚರು ನಿಂತಿರುತ್ತಾರೆ, ಬೀಗದ ಕೈ ಇರುವವನ ಮೇಲೂ ಕಣ್ಣಿಡಬೇಕಲ್ಲ ಎಂದರು. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

ಹಳೆಯ ಕಿಟಕಿಗಳ ಗಾಜು ಕೂಡಿಸಿ, ಸಾಗುವಾನಿಯ ಚೌಕಟ್ಟು ಮಾಡಿ, ಇಡೀ ತೊಟ್ಟಿಗೆ ಮುಚ್ಚಳ ಹಾಕಿದೆ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಅಂದಿನಿಂದ ಅಕ್ಕನ ಮನೆ ವಾಲುವುದು ನಿಂತಿತು. ನೋಡಿದಿರಾ, ಕೈ ಹಾಕಲು ಆಗದಂತಾದ ಕೂಡಲೇ ನಿಂತಿತಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹೇಳುವಾಗ ಅಡಿವೆಪ್ಪನ ಮುಖ ನೋಡುತ್ತಿದ್ದೆ. ಅವನು ಗಾಜಿನ ಮೇಲೆ ಬಗ್ಗಿ ಎಂದಿನ ಹಾಗೆ ನಿಂತಿರುತ್ತಿದ್ದ. ಆದರೆ ನಿಂತದ್ದು ವಾಲುವುದು ಮಾತ್ರ, ವಾಲಿದ್ದು ನೆಟ್ಟಗಾಗಲಿಲ್ಲ. ಒಮ್ಮೆ ಕೂತ ಮಣ್ಣು ಒಣಗಿದರೂ ಏಳುವುದಿಲ್ಲ. ಅಕ್ಕ ಅತ್ತ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟುತ್ತಿದ್ದಳು. ಉಣ್ಣುವವರು ಬರುವುದು ನಿಂತಿತ್ತು, ಬೀಳುವ ಮನೆಯಲ್ಲಿ ಯಾರು ಉಣ್ಣುತ್ತಾರೆ. ಇಪ್ಪತ್ತು ಮಂದಿಗೆ ರೊಟ್ಟಿ ಬಡಿದ ಕೈ ನಾಳೆಯಿಂದ ನಿನ್ನ ಹೆಂಡತಿಯ ಅಡುಗೆಮನೆಯಲ್ಲಿ ಏನು ಮಾಡಬೇಕು ಎಂದು ಒಮ್ಮೆ ಕೇಳಿದಳು. ನಾನು ಬೇರೆ ಮಾತು ತೆಗೆದೆ.

ಸಂತೆಯ ದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಜನ ಕರಗಿದ ಮೇಲೆ ಗಾಜು ಒರೆಸೋಣವೆಂದು ಹೋದೆ. ಅಕ್ಕನ ಮನೆಯ ಮೇಲಿನ ಗಾಜು ತೊಯ್ದು ತೊಪ್ಪೆಯಾಗಿತ್ತು, ಹನಿಗಳು ಕೂಡಿ ಚೌಕಟ್ಟಿನ ಕಡೆ ಇಳಿಯುತ್ತಿದ್ದವು. ಇನ್ನೊಂದು ತುದಿಯ ಗಾಜಿನ ಮೇಲೆ ಧೂಳು ಹಾಗೇ ಇತ್ತು. ಕೊನೆಗೂ ಸಿಕ್ಕಿಬಿದ್ದ, ಯಾರೋ ನೀರು ಸುರಿದು ಹೋಗಿದ್ದಾನೆ ಎಂದು ಬಾಗಿಲಿಗೆ ಓಡಿ ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ಹಿಂತಿರುಗಿ ಬಂದು ಮೂಸಿದೆ. ಬೆಳ್ಳುಳ್ಳಿ, ತಂಬಾಕು, ಎಲೆ ಅಡಿಕೆಯ ವಾಸನೆ. ಇನ್ನಷ್ಟು ಬಗ್ಗಿದಾಗ ನನ್ನ ಮೂಗಿನ ಕೆಳಗೆ ಒಣಗಿದ್ದ ಜಾಗ ಕೂಡ ಮಬ್ಬಾಯಿತು. ಒರೆಸಿದೆ, ಮತ್ತೆ ಮಬ್ಬಾಯಿತು.

ಅಲ್ಲೇ ನೆಲದ ಮೇಲೆ ಕೂತೆ. ಯಾರೂ ನೀರು ಹಾಕಿರಲಿಲ್ಲ. ವಾಲಿದೆ ಎಂದು ನೋಡಲು ಬಂದವರ ಉಸಿರು ಆ ಹಿಡಿಮಣ್ಣನ್ನು ತೋಯಿಸಿತ್ತು. ತೋಯ್ದಷ್ಟು ವಾಲಿತ್ತು, ವಾಲಿದಷ್ಟು ಜನ ಬಂದಿದ್ದರು. ಎಲ್ಲರಿಗಿಂತ ಹತ್ತಿರ ಮುಖವಿಟ್ಟು ಕಾದಿದ್ದವನು ನಾನು. ಕಳ್ಳನನ್ನು ಹುಡುಕುತ್ತ ನಾನೇ ಕನ್ನ ಕೊರೆದಂತಾಗಿತ್ತು. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಅಡಿವೆಪ್ಪನ ಮೇಲೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಪಂಚರನ್ನೂ ಊರವರನ್ನೂ ಸಣ್ಣೂರಿನ ಕೋಣೆಗೇ ಕರೆದೆ. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಗಾಜಿನ ಮೇಲೆ ಊದಿ ತೋರಿಸಿದೆ. ಜನ ನಕ್ಕರು. ಉಸಿರಿನಿಂದ ಮನೆ ಬೀಳುವುದಾದರೆ ನಿನ್ನ ಬಾಯಿಗೆ ಇಷ್ಟರಲ್ಲಿ ಊರೇ ನೆಲಸಮವಾಗಬೇಕಿತ್ತು ಎಂದು ಯಾರೋ ಹಿಂದಿನಿಂದ ಅಂದರು. ಮಾಸ್ತರು ನಗಲಿಲ್ಲ. ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ಹಂಗಾದ್ರ ಬ್ಯಾರೆ ಒಂದು ಮನಿ ಮ್ಯಾಲ ಎಲ್ಲಾರೂ ಉಸುರು ಬಿಟ್ಟು ನೋಡೂಣು. ಗಟ್ಟಿ ಅಂತ ಎಲ್ಲಾರೂ ಒಪ್ಪಿದ ಮನಿ ಇರ್ಲಿ. ಅದೂ ವಾಲಿದ್ರ ಸಾವಂತ್ರವ್ವನ ಮನಿ ಬಿಡೂಣು. ಯಾರ ಮನಿ ಕೊಡ್ತೀರಿ?"

ನಗು ನಿಂತಿತು. ಈಗಷ್ಟೇ ಚೇಷ್ಟೆ ಮಾಡಿದವನು ತನ್ನ ಚಪ್ಪಲಿ ನೋಡಿಕೊಂಡ. ಉಸಿರಿನಿಂದ ಏನೂ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ತನ್ನ ಮನೆ ಕೊಡುತ್ತೇನೆ ಎನ್ನುವವರು ಒಬ್ಬರೂ ಇರಲಿಲ್ಲ. ಹೊಸ ಮಣ್ಣು ತುಂಬಿ ಅದರ ಮೇಲೆ ಒಂದು ಮನೆ ಇಟ್ಟು ನೋಡೋಣ ಎಂದೆ. ಮಾಸ್ತರು ಅಡ್ಡಡ್ಡ ತಲೆಯಾಡಿಸಿದರು. ವರ್ಷಗಟ್ಟಲೆ ಸಂಜೆಸಂಜೆಗೂ ಕುಡಿದು ಒಣಗಿ ಕುಡಿದು ಒಣಗಿ ಬಂದ ಮಣ್ಣಿನ ನಡತೆಯೇ ಬೇರೆ, ನಿನ್ನೆ ತುಂಬಿದ ಮಣ್ಣು ಅದರ ಪರವಾಗಿ ಸಾಕ್ಷಿ ಹೇಳಲಾರದು ಎಂದರು. ಅದು ಸರಿಯಾದ ಮಾತೇ. ಸರಿ, ಕೊಟ್ಟ ಮನೆ ವಾಲಿದರೆ ಅದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಆಗ ಪಂಚರು ಕೂತು ವಿಚಾರ ಮಾಡುತ್ತಾರೆ ಎಂದರು.

ವಿಚಾರ ಮಾಡುತ್ತಾರೆ ಎಂಬ ಮಾತಿನ ಅರ್ಥ ನನಗೆ ಗೊತ್ತು. ಒಂದು ಮನೆಯ ಜಾಗದಲ್ಲಿ ಎರಡು ಮನೆ ಇಳಿಸಿ ಕೈ ತೊಳೆದುಕೊಳ್ಳುತ್ತಾರೆ, ಆ ನೀರನ್ನೂ ಕೊಡಕ್ಕೇ ತುಂಬುತ್ತಾರೆ. ಅಕ್ಕ ನನ್ನ ಕಡೆ ನೋಡುತ್ತಿದ್ದಳು. ಸಣ್ಣೂರಿನಲ್ಲಿ ನನ್ನದೂ ಒಂದು ಮನೆ ಇದೆ, ಮಧ್ಯದ ಸಾಲಿನಲ್ಲಿ, ನೆಟ್ಟಗೆ ನಿಂತಿದೆ. ಉಸಿರಿನಿಂದ ವಾಲುತ್ತದೆ ಎಂದು ಇಡೀ ಕೋಣೆಯಲ್ಲಿ ಖಂಡಿತವಾಗಿ ಗೊತ್ತಿದ್ದವನು ನಾನೊಬ್ಬನೇ, ಹಾಗಾಗಿ ಕೊಡುವ ಧೈರ್ಯ ಎಲ್ಲರಿಗಿಂತ ನನಗೇ ಕಡಿಮೆ ಇತ್ತು. ಹೆಂಡತಿಯನ್ನು ಕೇಳಬೇಕು ಎಂದುಕೊಂಡೆ. ಕಾರ್ಯಾಗಾರ ಎಲ್ಲಿಗೆ ಒಯ್ಯಲಿ ಎಂದುಕೊಂಡೆ. ಅಕ್ಕ ಕಣ್ಣು ಬೇರೆ ಕಡೆ ತಿರುಗಿಸಿದಳು. ನನ್ನ ಮರ್ಯಾದೆ ಉಳಿಸಲೆಂದೇ ತಿರುಗಿಸಿದಳು ಎಂದು ತಿಳಿದು ಇನ್ನೂ ಕುಗ್ಗಿದೆ.

"ನಂದು ತಗೋರಿ," ಎಂದ ಅಡಿವೆಪ್ಪ.

ಅವನು ಯಾವುದೋ ಆಟ ಹೂಡುತ್ತಿದ್ದಾನೆ ಎಂದೇ ನನಗೆ ಮೊದಲು ಅನಿಸಿದ್ದು. ಅವನು ನನ್ನ ಕಡೆ ತಿರುಗಿದ. "ನೀ ದಿನಾ ನನ್ನ ಮ್ಯಾಲ ಕಣ್ಣಿಟ್ಟಿದ್ದಿ, ಗೊತ್ತೈತಿ. ನಾ ನಿಮ್ಮಕ್ಕನ ಮನಿ ನೋಡಾಕ ಬರ್ತಿರಲಿಲ್ಲ ಮೌನಪ್ಪ. ಅದರ ಬಾಜೂಕ ಅವ್ವನ ಜಾಗಾ ಐತೆಲ್ಲ, ಅದನ್ನ ನೋಡ್ತಿದ್ದೆ."

ಅಕ್ಕನ ಮನೆಯ ಎಡಗಡೆ ಸಣ್ಣೂರಿನಲ್ಲಿ ಬರಿಯ ಮಣ್ಣಿತ್ತು. ದೊಡ್ಡೂರಿನಲ್ಲಿ ಇಳಿಸಿದ ಮನೆಯನ್ನು ಸಣ್ಣೂರಿನಿಂದಲೂ ತೆಗೆದುಬಿಡುತ್ತಾರೆ. ನಾನು ಅಷ್ಟು ದಿನ ಅವನ ಕೈ ನೋಡಿದ್ದೆ, ಕಿಸೆ ನೋಡಿದ್ದೆ, ಅವನ ಕಣ್ಣು ಎಲ್ಲಿದೆ ಎಂದು ನೋಡಿರಲಿಲ್ಲ.

ಅಕ್ಕ ಮುಂದೆ ಬಂದಳು. "ಬ್ಯಾಡೋ ಅಡಿವೆಪ್ಪ. ನಂದು ಹೋದ್ರ ಹೋಗ್ಲಿ, ನಿನ್ನ ಮನ್ಯಾಗ ಸೊಸಿ ಬಸುರಿ ಅದಾಳ."

"ನಿನ್ನ ಸಲುವಾಗಿ ಅಲ್ಲಬೇ ಯಕ್ಕಾ," ಎಂದ. ಅಷ್ಟೇ ಹೇಳಿ ಮಾಸ್ತರ ಮುಂದೆ ಹೋಗಿ ನಿಂತ.

ಮುಚ್ಚಳ ತೆಗೆದೆವು. ಅಂದಿನಿಂದ ಊರಿನವರು ಊಟ ಮುಗಿಸಿ ಬಂದು ಅಡಿವೆಪ್ಪನ ಸಣ್ಣ ಮನೆಯ ಸುತ್ತ ಬಗ್ಗಿ ನಿಲ್ಲತೊಡಗಿದರು. ಕೆಲವರು ಮರ್ಯಾದೆಗೆ ಬಂದು ಮೂಗು ಹಿಡಿದುಕೊಂಡಂತೆ ನಿಲ್ಲುತ್ತಿದ್ದರು. ಅಡಿವೆಪ್ಪ ಅವರ ಬೆನ್ನ ಮೇಲೆ ಕೈಯಿಟ್ಟು, ಹಂಗಲ್ಲ, ಸಾವಂತ್ರವ್ವನ ಮನಿ ನೋಡುವಾಗ ಹೆಂಗ ನಿಂತಿದ್ರಿ ಹಂಗ ನಿಲ್ರಿ ಎನ್ನುತ್ತಿದ್ದ. ತಾನೂ ಎಲ್ಲರ ನಡುವೆ ತಲೆ ತೂರಿಸಿ ನಿಲ್ಲುತ್ತಿದ್ದ. ಅವನಿಗೆ ಏನಾಗಬೇಕಿತ್ತೋ ನನಗೆ ಗೊತ್ತಾಗಲಿಲ್ಲ. ಮನೆ ವಾಲದಿದ್ದರೆ ಅವನ ಮನೆ ಉಳಿಯುತ್ತದೆ, ಅವನು ಹಂಚು ತೆಗೆದದ್ದು ಸರಿಯಾಗುತ್ತದೆ, ಅಕ್ಕ ಬೀದಿಗೆ ಬೀಳುತ್ತಾಳೆ. ವಾಲಿದರೆ ಅವನಿಗೆ ಉಳಿಯುವುದು ಏನು? ನಾನು ಅವನ ಪಕ್ಕ ನಿಂತು ಉಸಿರು ಬಿಡುತ್ತ, ವಾಲಲಿ ಎಂದು ಬೇಡಿಕೊಳ್ಳುತ್ತಿದ್ದೆ, ಬೇಡಿಕೊಳ್ಳಲು ನಾಚಿಕೆಯೂ ಆಗುತ್ತಿತ್ತು. ಮಧ್ಯದ ಸಾಲಿನಲ್ಲಿದ್ದ ನನ್ನ ಮನೆಯಿಂದ ಎಲ್ಲರೂ ದೂರ ನಿಲ್ಲುವ ಹಾಗೆ ಭುಜ ಅಡ್ಡ ಹಾಕಿಕೊಂಡೇ ನಿಂತಿದ್ದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಅಮಾವಾಸ್ಯೆ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ, ಎಲ್ಲರೂ ಬಗ್ಗಿದ್ದಾಗ, ಅಡಿವೆಪ್ಪನ ಸಣ್ಣ ಮನೆಯ ಒಳಗಿನಿಂದ ಟಕ್ ಎಂದು ಸಣ್ಣ ಸದ್ದಾಯಿತು. ಸೀಸದ ಉಂಡೆ ಒಂದು ಕಡೆ ಸರಿದಿತ್ತು. ತೊಟ್ಟಿಯ ಕಾಲೇ ಸೊಟ್ಟಗಿರಬೇಕು ಎಂದು ಒಬ್ಬರು ಗೊಣಗಿದರು. ಮಲಂಗಸಾಬ ನನ್ನ ಚೀಲದಿಂದ ತೂಗುಗುಂಡು ತೆಗೆದು, ನಡುಗುವ ಕೈಯಿಂದಲೇ ದಾರವನ್ನು ಗೋಡೆಯ ಪಕ್ಕ ಇಳಿಬಿಟ್ಟ. ಗುಂಡು ತೂಗಿ ತೂಗಿ ನಿಂತಿತು. ತೊಟ್ಟಿಯ ಕಾಲು ದಾರಕ್ಕೆ ನೆಟ್ಟಗಿತ್ತು, ಸಣ್ಣ ಮನೆಯ ಗೋಡೆ ಮಾತ್ರ ಮೇಲುಗಡೆ ದಾರ ಬಿಟ್ಟು ಸರಿದಿತ್ತು. ಅಕ್ಕನದಕ್ಕಿಂತ ಹೆಚ್ಚೇ ವಾಲಿತ್ತು.

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಸಾವಂತ್ರವ್ವನ ಮನೆ ಇರಲಿ, ಅಡಿವೆಪ್ಪನ ಮನೆಯೂ ಇರಲಿ, 'ವಿಚಾರ' ಏನೂ ಬೇಡ ಎಂದರು. ಅಲ್ಲಿದ್ದ ಪಂಚರೆಲ್ಲ ಹೌದೆಂದು ತಲೆಯಾಡಿಸಿದರು. ಅಕ್ಕ ಗೋಡೆಗೆ ಆತುಕೊಂಡಳು. ಗೆದ್ದೆವು ಎಂದು ಯಾರ ಮುಖವಾದರೂ ನೋಡಬೇಕೆನಿಸಿ ತಿರುಗಿದೆ. ಎದುರಿಗೆ ಸಿಕ್ಕಿದ್ದು ಅಡಿವೆಪ್ಪನ ಮುಖ.

ಅವನು ವಾಲಿದ ತನ್ನ ಮನೆ ನೋಡುತ್ತಿರಲಿಲ್ಲ. ಅಕ್ಕನ ಮನೆಯನ್ನು ದಾಟಿ, ಆಚೆಯ ಬರಿಮಣ್ಣಿನ ಮೇಲೆ ಕಣ್ಣಿತ್ತು.

"ಹಂಗಾರ ನಮ್ಮವ್ವನ ಮನಿ ಗಟ್ಟಿ ಇತ್ತು," ಎಂದ.

ಅಕ್ಕ ಏನೋ ಹೇಳಲು ಬಾಯಿ ತೆರೆದವಳು ಸೆರಗು ಅಡ್ಡ ಹಿಡಿದುಕೊಂಡಳು. ಸುತ್ತ ನಿಂತಿದ್ದವರೆಲ್ಲ ತುಟಿ ಬಿಗಿದುಕೊಂಡಿದ್ದರು. ನನ್ನ ಎದೆಯಲ್ಲಿ ಒಂದು ನಿಟ್ಟುಸಿರು ಕಟ್ಟಿಕೊಂಡಿತ್ತು. ಆದರೆ ಮುಖದ ಮುಂದೆ ಸಾಲುಸಾಲು ಮನೆಗಳಿದ್ದವು. ಅದನ್ನು ಹಾಗೇ ಹಿಡಿದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ಹೊರಗೆ ಬೀದಿಗೆ ಬಂದು ಬಿಟ್ಟೆ.